ಹಿನ್ನೆಲೆಯ ಮದುವೆ

ದಾವೂದ್ ಸಾಯುವುದನ್ನು ಅವನ ಊರಿನವರೆಲ್ಲ ಕಣ್ಣಾರೆ ನೋಡಿದ್ದರು. ರೋಮಿನ ಸಿಪಾಯಿಯಾಗಿ ಈಟಿ ತಿಂದು ಸತ್ತಿದ್ದ, ಯಾವುದೋ ಹಳೆಯ ಕಾಲದ ಕುರುಬನಾಗಿ ಕಲ್ಲೇಟಿಗೆ ಸತ್ತಿದ್ದ, ಹೆಸರೇ ಗೊತ್ತಿಲ್ಲದ ದೇಶವೊಂದರ ದಂಗೆಕೋರನಾಗಿ ಬಾಂಬಿಗೆ ಸತ್ತಿದ್ದ. ಸತ್ತು, ಎದ್ದು, ಮೈಮೇಲಿನ ಧೂಳು ಕೊಡವಿಕೊಂಡು, ಕೊಟ್ಟ ಬಟ್ಟೆಯನ್ನು ಮಡಿಸಿ ವಾಪಸು ಕೊಟ್ಟು, ಲಾರಿ ಹತ್ತಿ ಮನೆಗೆ ಬರುತ್ತಿದ್ದ. ವರ್ಜಜಾತ್ ಪಟ್ಟಣದ ಸುತ್ತಲಿನ ಊರುಗಳಲ್ಲಿ ಇದೇನು ದೊಡ್ಡ ಸಂಗತಿಯಲ್ಲ. ಹೊಳೆ ಬಂದ ವರ್ಷ ಬಾರ್ಲಿ ಬೆಳೆಯುತ್ತಾರೆ, ಹೊಳೆ ಬಾರದ ವರ್ಷ ಸಿನಿಮಾದವರ ಹತ್ತಿರ ಕೂಲಿಗೆ ವೇಷ ಹಾಕಲು ಹೋಗುತ್ತಾರೆ. ಎರಡನ್ನೂ ಕೊಡುವವನು ದೇವರೇ.

"ಏನ್ ದಾವೂದಣ್ಣ, ಇವತ್ತು ಬದುಕಿದ್ದೀಯೋ ಹೆಂಗೆ?" ಎಂದು ದಾರಿಯಲ್ಲಿ ಸಿಕ್ಕವರು ಕೇಳುತ್ತಿದ್ದರು.

"ಮಧ್ಯಾಹ್ನದವರೆಗೂ ಇದೀನಪ್ಪ. ಆಮೇಲೆ ಅವರು ಹೇಳ್ದಂಗೆ."

ಹೀಗೆ ನಗಿಸಿ ಮನೆಗೆ ಬಂದರೆ ಬಾಗಿಲು ತೆಗೆಯುವವರು ಯಾರೂ ಇರಲಿಲ್ಲ. ಹೆಂಡತಿ ಇಜ್ಜಾ ತೀರಿಕೊಂಡು ಬಹಳ ಕಾಲವಾಗಿತ್ತು. ಮಕ್ಕಳನ್ನು ದೇವರು ಕೊಟ್ಟಿರಲಿಲ್ಲ. ಅವನ ಮೂಲ ಕಸುಬು ಮಣ್ಣಿನ ಗೋಡೆ ಕಟ್ಟುವುದು. ಹಲಗೆಗಳ ನಡುವೆ ಹಸಿಮಣ್ಣು ಸುರಿದು, ತುಳಿದು, ಕುಟ್ಟಿ ಎಬ್ಬಿಸುವ ಗೋಡೆ. ಈಗ ಎಲ್ಲರೂ ಸಿಮೆಂಟಿನ ಇಟ್ಟಿಗೆ ತರಿಸುತ್ತಾರೆ. ಸಿನಿಮಾದವರೂ ಸುಣ್ಣದ ಪುಡಿಯಲ್ಲಿ ಒಂದೇ ವಾರಕ್ಕೆ ಕೋಟೆ ಎಬ್ಬಿಸಿ, ಹಿಂದೆ ಕೋಲು ಕೊಟ್ಟು ನಿಲ್ಲಿಸುತ್ತಾರೆ. ಹಾಗಾಗಿ ದಾವೂದನಿಗೆ ಮಾತಾಡಿಸಲು ಉಳಿದದ್ದು ಮನೆಯ ಹೇಸರಗತ್ತೆ ಮಾತ್ರ. ಟೀ ಕಾಸಿ, ಕೆಟಲನ್ನು ಎತ್ತರಕ್ಕೆ ಎತ್ತಿ ನೊರೆ ಬರುವಂತೆ ಲೋಟಕ್ಕೆ ಸುರಿದು, "ಸಕ್ಕರೆ ಜಾಸ್ತಿ ಆಯ್ತೇನೋ" ಎಂದು ಅದನ್ನೇ ಕೇಳುತ್ತಿದ್ದ. ಮಸೀದಿಯಿಂದ ಕೊನೆಗೆ ಹೊರಬರುವವನು ಅವನೇ. ಭಕ್ತಿ ಇರಲಿಲ್ಲವೆಂದಲ್ಲ. ಆದರೆ ಅಷ್ಟು ಹೊತ್ತು ಕುಳಿತಿರುತ್ತಿದ್ದುದು ಭಕ್ತಿಯೊಂದರಿಂದಲೇ ಅಲ್ಲವೆಂಬುದು ಅವನಿಗೂ ಗೊತ್ತಿತ್ತು, ದೇವರಿಗೂ ಗೊತ್ತಿತ್ತು.

ಆ ವರ್ಷ ಬಾದಾಮಿ ಮರಗಳು ಹೂ ಬಿಟ್ಟಿದ್ದ ಸಮಯದಲ್ಲಿ ಒಂದು ಪರದೇಶದ ಸಿನಿಮಾ ಬಂತು. ಜನ ಸೇರಿಸುವ ಜವಾದ್ ಎಂಬ ಹುಡುಗ ಕೈಯಲ್ಲಿ ಧ್ವನಿವರ್ಧಕ ಹಿಡಿದು ಬಂದವನು, ಸಾಲಿನಲ್ಲಿ ನಿಂತ ಗಂಡಸರ ಗಡ್ಡಗಳನ್ನು ನೋಡುತ್ತ ಬಂದು ದಾವೂದನ ಮುಂದೆ ನಿಂತ.

"ದಾವೂದ್ ಮಾವಾ, ನೀನು ಮದುಮಗ."

"ಯಾವಾಗ ಸಾಯೋದು?"

"ಈ ಸಲ ಸಾಯೋ ಹಂಗಿಲ್ಲ. ಮದುವೆ ಅಷ್ಟೇ."

"ಎರಡೂ ಒಂದೇ ಬಿಡೋ," ಎಂದು ಸಾಲಿನಲ್ಲಿದ್ದ ಒಬ್ಬ ಕೂಗಿದ. ಎಲ್ಲರೂ ನಕ್ಕರು.

ಮ್ಗೂನ್ ಕಣಿವೆಯಿಂದಲೂ ಒಂದು ಲಾರಿ ತುಂಬ ಜನ ಬಂದಿದ್ದರು. ಅವರಲ್ಲಿ ಬೆಳ್ಳಗಿನ ಗಡ್ಡದ ಬೆನ್ನಾಸರನನ್ನು ಮದುಮಗಳ ತಂದೆಯನ್ನಾಗಿ ಮಾಡಿದರು. ಅವನ ಜೊತೆ ಬಂದಿದ್ದ ಅಣ್ಣನ ಮಗಳು ತೂದಾಳನ್ನು, ಎತ್ತರ ಸರಿಹೊಂದುತ್ತದೆ ಎಂದು, ಮದುಮಗಳನ್ನಾಗಿ ಮಾಡಿದರು. ತಂದೆ ತೀರಿಹೋದ ಹೆಣ್ಣು. ಮಕ್ಕಳಾಗಲಿಲ್ಲವೆಂದು ಗಂಡ ಬಿಟ್ಟವಳು. ಚಿಕ್ಕಪ್ಪನ ಮನೆಯಲ್ಲಿ ಕಂಬಳಿ ನೇಯುತ್ತ ಇದ್ದವಳು. ಅವಳಿಗೆ ಬೆಳ್ಳಿಯ ಒಡವೆ ತೊಡಿಸಿ, ಮುಖ ಮುಚ್ಚುವಂತೆ ಕೆಂಪು ಬಟ್ಟೆ ಹೊದಿಸಿ, ಮರದ ಕೆಳಗಿನ ಜಮಖಾನದ ಮೇಲೆ ದಾವೂದನ ಪಕ್ಕ ಕೂರಿಸಿದರು.

ಸಿನಿಮಾದ ಕೆಲಸವೆಂದರೆ ಕಾಯುವುದು. ಬೆಳಕು ಸರಿಯಾಗುವವರೆಗೆ, ಮೋಡ ಸರಿಯುವವರೆಗೆ, ಯಾರದೋ ಕೋಪ ಇಳಿಯುವವರೆಗೆ. ಆ ದಿನ ಪೂರ್ತಿ ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತಿದ್ದರು. ಮೊದಲು ಮಾತಾಡಿದವಳು ಅವಳೇ, ಕೆಂಪು ಬಟ್ಟೆಯ ಒಳಗಿನಿಂದ.

"ಸತ್ತು ಸತ್ತು ಹೆಸರು ಮಾಡಿರೋನು ನೀನೇ ಅಲ್ವಾ?"

"ಯಾರು ಹೇಳಿದ್ರು?"

"ಬಟ್ಟೆ ಕೊಡೋ ಹೆಂಗಸರು. 'ತೂದಾ, ನಿಂಗೆ ಸಿಕ್ಕಿರೋ ಗಂಡ ಬಾಳಿಕೆ ಬರೋನಲ್ಲ' ಅಂತ ಒಂದೇ ನಗು."

ದಾವೂದ್ ನಕ್ಕ. ಇನ್ನೊಬ್ಬರ ಮಾತಿಗೆ ತಾನು ನಕ್ಕು ಎಷ್ಟು ದಿನವಾಯಿತೆಂದು ಅವನಿಗೆ ನೆನಪಾಗಲಿಲ್ಲ. ನಗಿಸುವ ಕೆಲಸ ಯಾವಾಗಲೂ ಅವನದೇ ಆಗಿತ್ತು.

"ಅಲ್ಲಿ ಛತ್ರಿ ಕೆಳಗೆ ಕೂತಿದ್ದಾನಲ್ಲ, ಅವನ್ಯಾರು?" ಎಂದು ಅವಳು ಕೇಳಿದಳು.

"ಅವನೇ ನಾಯಕ. ಒಂಟಿ ಮನುಷ್ಯನಂತೆ. ಯಾರೂ ಇಲ್ಲದೆ ಊರೂರು ಅಲೀತಾನಂತೆ. ಇಲ್ಲಿ ನಮ್ಮ ಮದುವೆ ಮಧ್ಯೆ ಹಾದುಹೋಗ್ತಾನೆ, ನಮ್ಮನ್ನ ನೋಡಿ ಇನ್ನೂ ದುಃಖ ಆಗುತ್ತಂತೆ ಅವನಿಗೆ. ಜವಾದ್ ಹೇಳ್ದ."

"ಅಯ್ಯೋ ಪಾಪ. ಛತ್ರಿ ಹಿಡಿಯೋಕೆ ಒಬ್ಬ, ಬೆವರು ಒರೆಸೋಕೆ ಒಬ್ಬಳು, ನೀರು ಕುಡಿಸೋಕೆ ಇನ್ನೊಬ್ಬ. ಇಂಥ ಒಂಟಿತನ ನಂಗೆ ಒಂದು ದಿನ ಸಿಕ್ಕಿದ್ರೂ ಸಾಕಿತ್ತು."

ಅವಳೇ ಮತ್ತೆ ಹೇಳಿದಳು: "ನಾನು ಮಗ್ಗದ ಹಿಂದೆ ಕೂತಿರ್ತೀನಿ. ಈಚೆ ಕಡೆ ಮನೆಯವರೆಲ್ಲ ಮಾತಾಡೋದು ಕೇಳ್ತಿರುತ್ತೆ. ಎಲ್ಲಾ ಮಾತೂ ಕೇಳ್ತೀನಿ. ನನ್ನ ಜೊತೆ ಆಡಿದ್ದು ಒಂದೂ ಇರಲ್ಲ."

ದಾವೂದ್ ತನ್ನ ಹೇಸರಗತ್ತೆಯ ವಿಷಯ ಹೇಳಿದ, ಟೀ ಸಕ್ಕರೆಯ ಬಗ್ಗೆ ಅದನ್ನೇ ಕೇಳುವ ವಿಷಯ ಹೇಳಿದ. ಅವಳು ನಗಲಿಲ್ಲ. "ಉಂಡ್ಯಾ?" ಎಂದಳು.

"ಇಲ್ಲ."

ಬಟ್ಟೆಯ ಕೆಳಗಿನಿಂದ ಒಂದು ಕೈ ಬಂತು. ಸಿನಿಮಾದವರು ಹಚ್ಚಿದ್ದ ಮದರಂಗಿ ಇನ್ನೂ ಹಸಿಯಾಗಿದ್ದ ಬೆರಳುಗಳ ತುದಿಯಲ್ಲಿ ಅರ್ಧ ರೊಟ್ಟಿ. ಅವನು ತೆಗೆದುಕೊಂಡ. ಬೆರಳು ತಾಗದಂತೆ ತೆಗೆದುಕೊಂಡ. ರೊಟ್ಟಿಯಲ್ಲಿ ಮದರಂಗಿಯ ವಾಸನೆ ಇತ್ತು.

ಕೊನೆಗೆ ಕ್ಯಾಮೆರಾ ದೂರದ ದಿಬ್ಬದ ಮೇಲೆ ನಿಂತಿತು. ನಿಕಾಹ್ ನಡೆಯಬೇಕು, ಅದರ ಎದುರಿನಿಂದ ಒಂಟಿ ಮನುಷ್ಯ ಹಾದುಹೋಗಬೇಕು. ಬೆನ್ನಾಸರ್ ಜವಾದನನ್ನು ಕರೆದು ಕೇಳಿದ: "ಏನು ಮಾತಾಡ್ಬೇಕಪ್ಪಾ?"

"ಮಾತು ಯಾರಿಗೂ ಕೇಳಲ್ಲ ಮಾವಾ, ಅಷ್ಟು ದೂರದಿಂದ ತೆಗೀತಾರೆ. ಬಾಯಿ ಆಡಿದ್ರೆ ಸಾಕು. ಆದ್ರೆ ನಾಟಕ ಬೇಡ ಅಂತ ಅವರು ಹೇಳಿದ್ದಾರೆ. ನಿಮ್ಮೂರಲ್ಲಿ ಹೆಂಗೆ ಮಾಡ್ತೀರೋ ಹಂಗೇ ಮಾಡಿ."

ಬೆನ್ನಾಸರನ ಬಾಯಿಗೆ ಮಾತಿಲ್ಲದೆ ಆಡುವುದು ಗೊತ್ತಿರಲಿಲ್ಲ. ಪಾತ್ರಕ್ಕೆಂದು ಬೇರೆ ಹೆಸರನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಆದ್ದರಿಂದ ಅವನು ತನ್ನೂರಿನಲ್ಲಿ ಮಾಡುವ ಹಾಗೆಯೇ ದಾವೂದನ ಬಲಗೈಯನ್ನು ತನ್ನ ಬಲಗೈಯಲ್ಲಿ ಹಿಡಿದು, ದೇವರ ಹೆಸರು ಹೇಳಿ, "ನನ್ನ ಅಣ್ಣ ಹಮ್ಮಾದನ ಮಗಳು ತೂದಾಳನ್ನು ನಿನಗೆ ಮದುವೆ ಮಾಡಿ ಕೊಟ್ಟಿದ್ದೇನೆ. ಹೆಣ್ಣಿಗೆ ಮಹರ್ ಅಂತ ಏನು ಕೊಡ್ತೀಯಾ?" ಎಂದ. ದಾವೂದ್ ತಲೆ ಎತ್ತಿದಾಗ ಕಂಡದ್ದು ಹೂ ತುಂಬಿದ ಮರ. "ಒಂದು ಮೂಟೆ ಬಾದಾಮಿ. ಒಪ್ಪಿದ್ದೇನೆ," ಎಂದ. ಸುತ್ತ ಕುಳಿತ ಹಿರಿಯರು ಆಮೀನ್ ಎಂದರು. ದೂರದಿಂದ "ಇನ್ನೊಮ್ಮೆ" ಎಂಬ ಕೂಗು ಬಂತು. ಮತ್ತೆ ಕೈ ಹಿಡಿದರು. ಮತ್ತೆ ಹೆಸರು ಹೇಳಿದರು. ಒಂಟಿ ಮನುಷ್ಯ ತಪ್ಪು ಕಡೆ ನೋಡಿದನೆಂದು ಇನ್ನೊಮ್ಮೆ, ನೊಣ ಬಂತೆಂದು ಇನ್ನೊಮ್ಮೆ. ಹೇಳಿ ಹೇಳಿ ಮಾತು ಸವೆಯಬೇಕಿತ್ತು. ದಾವೂದನಿಗೆ ಹಾಗಾಗಲಿಲ್ಲ. ಗೋಡೆಗೆ ಒನಕೆ ಬಿದ್ದ ಹಾಗೆ ಪ್ರತಿ ಸಲವೂ ಆ ಮಾತು ಅವನೊಳಗೆ ಗಟ್ಟಿಯಾಯಿತು.

ಬಿಸಿಲು ಇಳಿಯುತ್ತಿದ್ದಂತೆ ಕೆಲಸ ಮುಗಿಯಿತು. ಬಟ್ಟೆಯ ಹೆಂಗಸರು ಬಂದು ಕೆಂಪು ಹೊದಿಕೆ ಎಳೆದುಕೊಂಡರು. ಆಗ ದಾವೂದ್ ಅವಳ ಮುಖ ನೋಡಿದ. ಬೆವರಿದ ಮುಖ, ಒಂದು ಕಣ್ಣಿನ ಕಾಡಿಗೆ ಕೆನ್ನೆಗೆ ಇಳಿದಿತ್ತು. ಅವಳು ಸ್ವಲ್ಪ ನಕ್ಕಳು. ಅಷ್ಟರಲ್ಲಿ ಜವಾದ್ "ಮ್ಗೂನಿನವರು ಹತ್ರೀ, ಹತ್ರೀ" ಎಂದು ಕೂಗಿದ. ಅವಳ ಲಾರಿ ಮೂಡಲಿಗೆ ಹೊರಟಿತು, ಅವನದು ಪಡುವಲಿಗೆ.

ಮನೆಗೆ ಬಂದ ದಾವೂದ್ ಕೆಲವು ದಿನ ಸುಮ್ಮನಿದ್ದ. ಆಮೇಲೆ ಹೊಳೆದಂಡೆಯ ಮಣ್ಣು ತಂದು, ಒಣಹುಲ್ಲು ಕಲಸಿ, ಇಜ್ಜಾ ಹೋದಂದಿನಿಂದ ಬಾಗಿಲು ಹಾಕಿದ್ದ ಒಳಕೋಣೆಗೆ ಹೊಸದಾಗಿ ಮೆತ್ತಿದ. ಯಾಕೆಂದು ತನ್ನನ್ನು ತಾನೇ ಕೇಳಿಕೊಳ್ಳಲಿಲ್ಲ.

ಬೇಸಗೆಯ ಒಂದು ಶುಕ್ರವಾರ ನಮಾಜು ಮುಗಿದ ಮೇಲೆ ಪಕ್ಕದ ಮನೆಯ ಉಮ್ಮಾದ್ ಎಲ್ಲರಿಗೂ ಕೇಳುವ ಹಾಗೆ, "ಮದುಮಗನಿಗೆ ದಾರಿ ಬಿಡ್ರಪ್ಪಾ! ಹೆಂಡ್ತೀನ ಸಿನಿಮಾದಲ್ಲೇ ಮರೆತು ಬಂದ ಗಿರಾಕಿ ಇವನು," ಎಂದ. ಜನ ನಕ್ಕು ಚದುರಿದರು. ಮಸೀದಿಯ ಗುರು ಸಿ ಮಹ್ಜೂಬ್ ಮಾತ್ರ ನಗಲಿಲ್ಲ. ದಾವೂದನನ್ನು ಕಂಬದ ಹಿಂದೆ ಕರೆದು ಕೂರಿಸಿಕೊಂಡರು.

"ಅಲ್ಲಿ ಏನು ಮಾತು ಆಡಿದ್ರಿ? ಇದ್ದದ್ದು ಇದ್ದಂಗೆ ಹೇಳು."

ದಾವೂದ್ ಹೇಳಿದ.

"ಹೆಸರು?"

"ಅವಳದ್ದೇ. ಅವಳ ಅಪ್ಪನದ್ದೇ."

"ಕೊಟ್ಟೋನು?"

"ಅವಳ ಸ್ವಂತ ಚಿಕ್ಕಪ್ಪ. ಅಪ್ಪ ಇಲ್ಲ, ಅಣ್ಣತಮ್ಮಂದಿರು ಇಲ್ಲ."

ಸಿ ಮಹ್ಜೂಬ್ ಗಡ್ಡ ಹಿಡಿದುಕೊಂಡರು. "ಸರ್ಕಾರದ ಕಡೆಯಿಂದ ನೋಡಿದ್ರೆ ಇದು ಏನೂ ಅಲ್ಲ. ಆದ್ರೆ ದಾವೂದ್, ಮದುವೆ ಮಾತು, ಬಿಡುಗಡೆ ಮಾತು, ಇವನ್ನ ತಮಾಷೆಗೆ ಆಡಿದ್ರೂ ನಿಜವೇ ಅಂತ ನಾವು ಕಲಿತದ್ದು. ನಾಟಕದ ಮಾತಿಗೆ ಅದು ತಾಗಲ್ಲ ಅನ್ನೋ ದೊಡ್ಡವರೂ ಇದ್ದಾರೆ. ನಾಟಕದಲ್ಲಿ ಬೇರೆ ಹೆಸರು ಇರುತ್ತಲ್ಲ. ನೀವು ನಿಮ್ಮನ್ನೇ ತಂದು ಇಟ್ಟುಬಿಟ್ರಿ. ನಂಗೆ ಗೊತ್ತಿಲ್ಲಪ್ಪ. ನಂಗೆ ಭಯ."

"ಈಗ ಏನು ಮಾಡ್ಲಿ?"

"ಅವಳು ಇನ್ನೊಬ್ಬನ ಕೈ ಹಿಡಿದ್ರೆ, ನಿನ್ನ ಗಂಟು ಅವಳ ಮೇಲಿದ್ರೆ, ಆ ಪಾಪ ಯಾರ ಕುತ್ತಿಗೆಗೆ? ಹೋಗು. ಎರಡೂ ಕಡೆ ಮನಸ್ಸಿದ್ರೆ ಸರ್ಕಾರದ ಮುಂದೆ ನಿಂತು ಗಟ್ಟಿ ಮಾಡ್ಕೊಳ್ಳಿ, ಮೂಟೆ ಪೂರ್ತಿ ಕೊಡು. ಇಲ್ಲ ಅಂದ್ರೆ ಬಿಡುಗಡೆ ಮಾತು ಹೇಳು. ಸಂಸಾರ ಮಾಡದೆ ಬಿಟ್ಟೋನು ಅರ್ಧ ಮಹರ್ ಕೊಡ್ಬೇಕು. ಅರ್ಧ ಮೂಟೆ ಕೊಟ್ಟು ಬಾ. ತಡ ಮಾಡ್ಬೇಡ."

ಆ ದಿನ ದಾವೂದನಿಗಾದ ಸಂತೋಷ ನಾಚಿಕೆಪಡುವಂಥದ್ದು. ಪಾಪದ ಭಯ ಹುಟ್ಟಬೇಕಾದ ಜಾಗದಲ್ಲಿ ಅವನಿಗೆ ಆಸೆ ಹುಟ್ಟಿತು. ಚಾಪೆಯ ಮೇಲೆ ಹಣೆಯಿಟ್ಟು ಅವನು ಕ್ಷಮೆ ಬೇಡಲಿಲ್ಲ. ಅದು ನಿಜವೇ ಆಗಿರಲಿ ದೇವರೇ, ಎಂದು ಬೇಡಿದ.

ಮರುದಿನವೇ ಹೋಗಬೇಕಿತ್ತು. ಆದರೆ ಅವನ ಹಿತ್ತಿಲ ಬಾದಾಮಿ ಇನ್ನೂ ಮರದಲ್ಲಿ ಹಸಿರಾಗಿತ್ತು. ಬರಿಗೈಯಲ್ಲಿ ಹೋಗಿ ನಿಂತರೆ ಬಿಡಲು ಬಂದವನೋ ಕರೆಯಲು ಬಂದವನೋ ಅವರಿಗೆ ಹೇಗೆ ತಿಳಿಯಬೇಕು? ಪೂರ್ತಿ ಮೂಟೆ ಬೆನ್ನ ಮೇಲೆ ಹೊತ್ತು ಹೋದರೆ ಬಾಯಿ ಬಿಡುವ ಮೊದಲೇ ಎಲ್ಲ ಹೇಳಿದ ಹಾಗಾಗುತ್ತದೆ. ಅಂಗಡಿಯ ಬಾದಾಮಿ ಮನಸ್ಸಿಗೆ ಬರಲಿಲ್ಲ. ತನ್ನ ಮರದ್ದೇ ಆಗಬೇಕು. ಹೀಗೆಂದುಕೊಂಡು ಅವನು ಕಾದ. ಸಿಪ್ಪೆ ಬಿರಿಯುವವರೆಗೆ ಕಾದ, ಕೋಲಿನಿಂದ ಬಡಿದು ಉದುರಿಸಿದ, ಮಾಳಿಗೆಯ ಮೇಲೆ ಹರಡಿ ಒಣಗಿಸಿದ, ಜೊಳ್ಳು ಆರಿಸಿ ತೆಗೆದ. ಸಿ ಮಹ್ಜೂಬ್ ಎದುರಾದಾಗಲೆಲ್ಲ, "ಹೋಗ್ತೀನಿ ಗುರುಗಳೇ, ಇನ್ನೇನು ಒಣಗ್ತಾ ಇದೆ," ಎನ್ನುತ್ತಿದ್ದ.

ಮ್ಗೂನ್ ಕಣಿವೆಯಲ್ಲಿ ವ್ಯಾನಿನಿಂದ ಇಳಿದು, ಮೂಟೆ ಹೊತ್ತು, ಕಾಲುದಾರಿ ಹಿಡಿದು ಬೆನ್ನಾಸರನ ಮನೆಗೆ ಬಂದಾಗ ಮಧ್ಯಾಹ್ನದ ನಮಾಜು ಆಗಿತ್ತು. ಬೆನ್ನಾಸರ್ ಅವನನ್ನು ಕಂಡು ಕೈ ಚಾಚಿ ನಗುತ್ತ ಎದ್ದ.

"ಓಹೋ, ಅಳಿಯಂದಿರು! ಬನ್ನಿ ಬನ್ನಿ. ಇನ್ನೂ ಜೀವಂತ ಇದೀರಾ?"

ಅಂಗಳದ ಅತ್ತಿಯ ನೆರಳಿನಲ್ಲಿ ಟೀ ಬಂತು, ರೊಟ್ಟಿ ಬಂತು, ಅದ್ದಿಕೊಳ್ಳಲು ಎಣ್ಣೆ ಬಂತು. ದಾವೂದ್ ಸಿ ಮಹ್ಜೂಬರ ಮಾತನ್ನು ಹೇಳುತ್ತ ಹೋದಂತೆ ಬೆನ್ನಾಸರನ ನಗು ಅರ್ಧಕ್ಕೇ ನಿಂತಿತು. ರೊಟ್ಟಿ ಕೈಯಲ್ಲೇ ಉಳಿಯಿತು.

"ದೇವರೇ," ಎಂದ. "ಮುಂದಿನ ವಾರ ಅವಳ ಮದುವೆ ಕಣಯ್ಯಾ. ಟಿಂಘೀರ್ ಊರಿನೋನು. ಹೆಂಡ್ತಿ ಸತ್ತು ಸಣ್ಣ ಸಣ್ಣ ಮಕ್ಕಳು. ಮಾತು ಕೊಟ್ಟಾಗಿದೆ."

ಮನೆಯೊಳಗಿನಿಂದ ಮಗ್ಗದ ಸದ್ದು ಕೇಳಿಬರುತ್ತಿತ್ತು. ಅದು ನಿಂತಿತು. ತೂದಾ ಹೊಸ್ತಿಲಿಗೆ ಬಂದು ನಿಂತಳು. ಸಾದಾ ಬಟ್ಟೆ, ಬೆರಳಿಗೆ ಅಂಟಿದ ಉಣ್ಣೆಯ ಎಳೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಬಂದ್ಯಾ," ಎಂದಳು.

"ಬಂದೆ."

"ಆವತ್ತು ಲಾರಿಯಲ್ಲೇ ಚಿಕ್ಕಪ್ಪನ್ನ ಕೇಳ್ದೆ, ಇದು ಏನಾಯ್ತು ಅಂತ. ಇವರು ನಕ್ಕರು. ನಂಗೆ ನಗು ಬರ್ಲಿಲ್ಲ. ಗುಲಾಬಿ ಕೊಯ್ಯೋ ಹೊತ್ತಿಗೆ ಬರ್ತೀಯಾ ಅಂದ್ಕೊಂಡೆ. ಬಾರ್ಲಿ ಕೊಯ್ಯೋ ಹೊತ್ತಿಗೆ ಬರ್ತೀಯಾ ಅಂದ್ಕೊಂಡೆ. ರಸ್ತೇಲಿ ವ್ಯಾನ್ ನಿಂತ ಸದ್ದಾದ್ರೆ ಮಗ್ಗ ನಿಲ್ಲಿಸ್ತಿದ್ದೆ, ಚಿಕ್ಕಮ್ಮ ಬಯ್ಯೋರು."

"ಬಾದಾಮಿಗೆ ಕಾಯ್ತಿದ್ದೆ."

"ಬಾದಾಮಿ ಯಾರು ಕೇಳಿದ್ರು?"

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ದಾವೂದನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವನು ನೆಲ ನೋಡುತ್ತಲೇ ಹೇಳಿದ, "ಒಳಕೋಣೆಗೆ ಹೊಸ ಮಣ್ಣು ಮೆತ್ತಿದೀನಿ, ತೂದಾ. ಗುರುಗಳು ಹೇಳೋದು ನಿಜ ಆದ್ರೆ ನೀನು ಈಗ್ಲೂ…"

"ನಿಜ ಆದ್ರೆ, ನೀನು ಬಿಡದೆ ನಾನು ಎಲ್ಲಿಗೂ ಹೋಗೋ ಹಂಗಿಲ್ಲ. ಗೊತ್ತು." ಅವಳು ಬೆರಳಿನ ಎಳೆಯನ್ನು ಬಿಡಿಸುತ್ತ ನಿಂತಳು. "ಆ ಮಕ್ಕಳು ಹೋದ ವಾರ ಬಂದಿದ್ರು. ಚಿಕ್ಕದು ಇನ್ನೂ ಸರಿಯಾಗಿ ನಡೆಯಲ್ಲ. ಹೋಗೋವಾಗ ನನ್ನ ಬಟ್ಟೆ ಹಿಡ್ಕೊಂಡು ಬಿಡ್ಲೇ ಇಲ್ಲ. ಕೈ ಬಿಡಿಸಿ ಕಳಿಸ್ದೆ. ಬರ್ತೀನಿ ಅಂತ ಹೇಳಿ ಕಳಿಸಿದೀನಿ."

ಬೆನ್ನಾಸರ್ ತಗ್ಗಿದ ದನಿಯಲ್ಲಿ, "ಮಾತು ನಿನ್ನ ಬಾಯಲ್ಲಿದೆ, ದಾವೂದ್. ನಾವು ಬಲವಂತ ಮಾಡಲ್ಲ," ಎಂದ. ಮಾಡಲಾರರು ಎಂಬುದು ದಾವೂದನಿಗೂ ತಿಳಿದಿತ್ತು. ಅವನು ಬಾಯಿ ಮುಚ್ಚಿಕೊಂಡು ಎದ್ದು ಹೋದರೆ ಸಾಕು. ದೇವರಿಗೆ ಹೆದರುವ ಈ ಮನೆಯವರು ಸಂಶಯದ ಮೇಲೆ ಮದುವೆ ಮಾಡುವುದಿಲ್ಲ. ಟಿಂಘೀರಿನವನು ಕಾದು ಕಾದು ಬೇರೆ ಕಡೆ ನೋಡಿಕೊಳ್ಳುತ್ತಾನೆ. ಆಮೇಲೆ ಒಂದು ದಿನ ಇವಳು ಬೇರೆ ದಾರಿಯಿಲ್ಲದೆ ತನ್ನ ಮನೆಗೆ ಬರುತ್ತಾಳೆ, ಮೆತ್ತಿದ ಕೋಣೆಯಲ್ಲಿ ಮಗ್ಗ ಹೂಡುತ್ತಾಳೆ. ಈ ಯೋಚನೆ ಅವನಿಗೆ ಬಂತು. ಬಂದದ್ದಷ್ಟೇ ಅಲ್ಲ, ಅವನೊಳಗೆ ಸ್ವಲ್ಪ ಹೊತ್ತು ಕುಳಿತುಕೊಂಡಿತು.

ತೂದಾ ಚಿಕ್ಕಪ್ಪನ ಕಡೆ ತಿರುಗಿ, "ಒಳಗಿಂದ ಅಳತೆ ಕೊಳಗ ತನ್ನಿ. ಅರ್ಧ ಅಳೆದು ತಗೊಳ್ಳೋಣ. ಉಳಿದರ್ಧ ಅವರು ತಗೊಂಡು ಹೋಗ್ಲಿ," ಎಂದಳು.

ಅವಳ ಉತ್ತರ ಅದೇ ಎಂದು ದಾವೂದನಿಗೆ ತಿಳಿಯಿತು. ಅವನು ಮೂಟೆಯ ಬಾಯಿ ಬಿಚ್ಚಿದ. ಬೆನ್ನಾಸರ್ ಕೊಳಗ ಹಿಡಿದು ತುಂಬಿ ತುಂಬಿ ಬುಟ್ಟಿಗೆ ಸುರಿದ. ಒಣಗಿದ ಬಾದಾಮಿ ಬೀಳುವ ಸದ್ದು ಬಿಟ್ಟರೆ ಅಂಗಳದಲ್ಲಿ ಬೇರೆ ಸದ್ದಿರಲಿಲ್ಲ. ಇನ್ನೊಬ್ಬ ಸಾಕ್ಷಿ ಬೇಕೆಂದು, ಕತ್ತೆಯ ಮೇಲೆ ಹುಲ್ಲು ಹೇರಿಕೊಂಡು ದಾರಿಯಲ್ಲಿ ಹೋಗುತ್ತಿದ್ದ ನೆರೆಯವನನ್ನು ಕೂಗಿ ಕರೆದರು.

"ಏನು, ಬಿಡುಗಡೆನಾ? ಇವಳಿಗೆ ಮತ್ತೆ ಮದುವೆ ಯಾವಾಗ ಆಗಿತ್ತು?" ಎಂದು ಅವನು ಬಾಯಿ ಬಿಟ್ಟ.

"ಸುಮ್ನೆ ನಿಂತು ಕೇಳು ಮಾರಾಯ," ಎಂದ ಬೆನ್ನಾಸರ್.

ದಾವೂದ್ ಎದ್ದು ನಿಂತ. ದೇವರ ಹೆಸರು ಹೇಳಿ, "ಹಮ್ಮಾದನ ಮಗಳು ತೂದಾ, ನಿನ್ನನ್ನು ಬಿಟ್ಟಿದ್ದೇನೆ," ಎಂದ. ದನಿ ಸರಿಯಾಗಿ ಬರಲಿಲ್ಲ. ಆದರೆ ಇನ್ನೊಮ್ಮೆ ಎಂದು ಯಾರೂ ಕೂಗಲಿಲ್ಲ. ಅದು ಆಗಿಹೋಯಿತು.

ತೂದಾ ತಲೆಯ ಬಟ್ಟೆಯನ್ನು ಮುಂದಕ್ಕೆ ಎಳೆದುಕೊಂಡಳು, ಅಪರಿಚಿತ ಗಂಡಸಿನ ಮುಂದೆ ಎಳೆದುಕೊಳ್ಳುವ ಹಾಗೆ. "ದೇವರು ನಿಂಗೆ ಒಳ್ಳೇದು ಮಾಡ್ಲಿ," ಎಂದಳು. ಒಳಗೆ ಹೋದಳು. ಮಗ್ಗದ ಸದ್ದು ಕೂಡಲೇ ಶುರುವಾಗಲಿಲ್ಲ. ಬಹಳ ಹೊತ್ತಿನ ಮೇಲೂ ಶುರುವಾಗಲಿಲ್ಲ. ಬೆನ್ನಾಸರ್ ಇವತ್ತು ಇಲ್ಲೇ ಉಳಿ ಎಂದ, ಒತ್ತಾಯ ಮಾಡಿದ. ದಾವೂದ್ ಇಲ್ಲವೆಂದು ಅರ್ಧ ಮೂಟೆ ಹೆಗಲಿಗೇರಿಸಿದ. ಬರುವಾಗಿನದಕ್ಕಿಂತ ಹೋಗುವಾಗಿನದೇ ಭಾರವೆನ್ನಿಸಿತು.

ವ್ಯಾನ್ ಬರಲು ಹೊತ್ತಿತ್ತು. ಸಂಜೆಗೆ ಮುಂಚಿನ ನಮಾಜಿನ ಕರೆ ಕೇಳಿತು. ಅವನು ಹೊಳೆಯ ಕಾಲುವೆಯಲ್ಲಿ ಕೈಕಾಲು ಮುಖ ತೊಳೆದು, ಆ ಊರಿನ ಸಣ್ಣ ಮಸೀದಿಯ ಒಳಗೆ ಹೋಗಿ, ಮೂಟೆಯನ್ನು ಗೋಡೆಗೆ ಒರಗಿಸಿ, ಸಾಲಿನಲ್ಲಿ ನಿಂತ. ಎಡಕ್ಕೆ ಒಬ್ಬ ಮುದುಕ, ಬಲಕ್ಕೆ ಮೈಯೆಲ್ಲ ಹಸಿ ಹುಲ್ಲಿನ ವಾಸನೆಯ ಒಬ್ಬ ರೈತ. ಸಾಲಿನಲ್ಲಿ ಸಂದು ಬಿಡಬಾರದೆಂದು ಇಬ್ಬರೂ ಸರಿದು ಅವನ ಭುಜಕ್ಕೆ ಭುಜ ತಾಗಿಸಿದರು. ಹೊರಗಿನವನೆಂದು ಅವರು ನೋಡಲಿಲ್ಲ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದನ್ನೂ ನೋಡಲಿಲ್ಲ. ಬಾಗುವಾಗ ಅವರ ಜೊತೆ ಬಾಗಿದ, ಹಣೆ ಊರುವಾಗ ಅವರ ಜೊತೆ ಹಣೆ ಊರಿದ. ಅಷ್ಟು ಹೊತ್ತು ಎರಡು ಕಡೆಯಿಂದಲೂ ಮನುಷ್ಯರ ಮೈಯ ಬಿಸಿ ಅವನಿಗೆ ತಾಗುತ್ತಿತ್ತು.

ಕೊನೆಗೆ ಬಲಕ್ಕೆ ತಿರುಗಿ, ನಿಮಗೆ ಶಾಂತಿಯಿರಲಿ ಎಂದ. ಎಡಕ್ಕೆ ತಿರುಗಿ, ನಿಮಗೆ ಶಾಂತಿಯಿರಲಿ ಎಂದ. ರೈತ ಎದ್ದು ಮೊಣಕಾಲು ಕೊಡವಿಕೊಂಡು ಹೋದ. ಮುದುಕ ಕಂಬ ಹಿಡಿದುಕೊಂಡು ಎದ್ದು, ತನ್ನ ಚಪ್ಪಲಿ ಹುಡುಕಿಕೊಂಡು ಹೋದ. ಹೊರಗೆ ಅವರಿಬ್ಬರೂ ಹುಲ್ಲಿನ ಬೆಲೆಯ ಬಗ್ಗೆ ಏನೋ ಜಗಳವಾಡುತ್ತ ದೂರವಾದರು. ದಾವೂದ್ ಚಾಪೆಯ ಮೇಲೆ, ಎರಡು ಕಡೆಯೂ ಖಾಲಿಯಾದ ಜಾಗದ ನಡುವೆ, ರಸ್ತೆಯಲ್ಲಿ ವ್ಯಾನಿನ ಸದ್ದು ಕೇಳುವವರೆಗೂ ಕುಳಿತಿದ್ದ.